"ಮನೇಲೇ ಇದ್ದೀಯಲ್ಲ" ಅನ್ನೋರ ನಡುವೆ ಮನೆಯಿಂದ ಕೆಲಸ

ಪ್ರಶ್ನೆ, ಶಿರಸಿ ಹತ್ತಿರದ ಹಳ್ಳಿಯಿಂದ:

ಆರು ವರ್ಷ ಬೆಂಗಳೂರಿನ ಆಫೀಸಿನಲ್ಲಿದ್ದೆ. ಹೋದ ತಿಂಗಳಿಂದ ಪೂರ್ತಿ ಮನೆಯಿಂದಲೇ ಕೆಲಸ, ಹಾಗಾಗಿ ಊರಿಗೆ ಬಂದುಬಿಟ್ಟೆ. ಟ್ರಾಫಿಕ್ ಇಲ್ಲ, ಬಾಡಿಗೆ ಇಲ್ಲ, ಖುಷಿಯಾಗಿರಬೇಕಿತ್ತು. ಆದರೆ ಕೆಲಸ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಅನ್ನೋದೇ ತಿಳಿಯುತ್ತಿಲ್ಲ. ಗ್ಯಾಸ್ ಸಿಲಿಂಡರ್ ಬಂದರೂ ನಾನೇ, ತೋಟಕ್ಕೆ ದನ ನುಗ್ಗಿದರೂ ನಾನೇ. ಮಳೆಗಾಲ ಬೇರೆ ಬರುತ್ತಿದೆ, ಕರೆಂಟಿನ ಚಿಂತೆ. ಅನುಭವ ಇದ್ದವರು ಹೇಳಿ.

ತೀರ್ಥಹಳ್ಳಿ ಕಡೆಯಿಂದ:

2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್‌ಗೆ ನಾಲ್ಕು ದಿನ ಮುಂಚೆ, ಒಂದು ಬ್ಯಾಗ್ ಬಟ್ಟೆ ಹಿಡಿದು ಊರಿಗೆ ಬಂದವನು ನಾನು. ಇನ್ನೂ ವಾಪಸ್ ಹೋಗಿಲ್ಲ.

ಮೊದಲು ಕರೆಂಟಿನ ವಿಷಯ. ಲ್ಯಾಪ್‌ಟಾಪ್‌ಗೆ ಅದರದ್ದೇ ಬ್ಯಾಟರಿ ಇದೆ, ಕೈಕೊಡೋದು ರೂಟರ್. ಸಾಮಾನ್ಯವಾಗಿ ಅದಕ್ಕೆ ಬೇಕಾಗೋದು 12 ವೋಲ್ಟ್ ಅಷ್ಟೇ. ಅಡಾಪ್ಟರ್ ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ. ರೂಟರ್‌ಗೆಂದೇ ಅಂಗೈ ಅಗಲದ ಯುಪಿಎಸ್ ಸಿಗುತ್ತದೆ, ನನ್ನದು ಮೂರು ಗಂಟೆ ಎಳೆಯುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೂ ಇದು ಬೇಕು. ಕರೆಂಟು ಹೋಗಿ ಇನ್ವರ್ಟರ್ ಹಿಡಿಯೋ ಆ ಒಂದು ಕ್ಷಣದಲ್ಲೇ ನನ್ನ ರೂಟರ್ ಕಣ್ಣು ಮುಚ್ಚಿ ಬಿಡುತ್ತಿತ್ತು. ಮತ್ತೆ ಎದ್ದು ನೆಟ್ ಕೊಡೋಕೆ ಮೂರು ನಿಮಿಷ. ಅಷ್ಟರಲ್ಲಿ ಮೀಟಿಂಗಿನಲ್ಲಿ ನನ್ನ ಪಾಲಿಗೆ ಎರಡು ಕೆಲಸ ಬಿದ್ದಿರುತ್ತಿತ್ತು.

ಸಿಡಿಲಿನ ವಿಷಯದಲ್ಲಿ ನಾನು ಮಾಡಿದ ತಪ್ಪು ಮಾಡಬೇಡಿ. ನೆಟ್ ತರೋ ಫೈಬರ್ ಅಂದ್ರೆ ಗಾಜಿನ ಎಳೆ, ಅದರಲ್ಲಿ ಕರೆಂಟು ಹರಿಯೋದಿಲ್ಲ ಅಂತ ಧೈರ್ಯವಾಗಿ ಕೂತಿದ್ದೆ. ಮೇ ತಿಂಗಳ ಒಂದು ಸಂಜೆ ಸಿಡಿಲು ಕರೆಂಟಿನ ತಂತಿ ಹಿಡಿದು ಅಡಾಪ್ಟರ್ ಮೂಲಕ ಬಂತು. ಠಪ್ ಅಂತ ಒಂದೇ ಸದ್ದು, ಆಮೇಲೆ ಸುಟ್ಟ ವಾಸನೆ. ಈಗ ದೂರದಲ್ಲಿ ಗುಡುಗಿದರೂ ಸಾಕು, ಪ್ಲಗ್ ಕಿತ್ತು ಯುಪಿಎಸ್ ಮೇಲೇ ಓಡಿಸುತ್ತೇನೆ. ಮಳೆಗಾಲದಲ್ಲಿ ಮರ ಬಿದ್ದು ಫೈಬರೇ ಹರಿದರೆ ಅಂತ ಬೇರೆ ಕಂಪನಿಯ ಸಿಮ್ ಒಂದು ಇದೆ. ನಮ್ಮಲ್ಲಿ ಅದಕ್ಕೆ ಸಿಗ್ನಲ್ ಸಿಗೋದು ಕೊಟ್ಟಿಗೆ ಹಿಂದಿನ ಹಲಸಿನ ಮರದ ಹತ್ತಿರ ಮಾತ್ರ. ನಿಮ್ಮ ಮನೆಯ 'ಹಲಸಿನ ಮರ' ಯಾವುದು ಅಂತ ಈಗಲೇ ಹುಡುಕಿಡಿ.

ಹಾಂ, ತಗಡಿನ ಶೀಟ್ ಕೆಳಗೆ ಕೂರಬೇಡಿ. ಜುಲೈ ಮಳೆಯ ಸದ್ದಿಗೆ ನಮ್ಮ ಮ್ಯಾನೇಜರ್ ಕೇಳಿದ್ದರು, "ಹಿಂದೆ ಯಾರೋ ಎಣ್ಣೆಯಲ್ಲಿ ಏನೋ ಕರೀತಿದ್ದಾರಾ?"

ಇನ್ನು ಮನೆಯವರು. ವೇಳಾಪಟ್ಟಿ ಮಾಡಿ, ನಡುನಡುವೆ ವಿರಾಮ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಅರ್ಧ ಕೆಲಸ. ಉಳಿದರ್ಧ, ನೀವು ಏನು ಕೆಲಸ ಮಾಡುತ್ತೀರಿ ಅಂತ ಮನೆಯವರಿಗೆ ಗೊತ್ತಾಗಬೇಕು. ಮಧ್ಯಾಹ್ನ ಮಾತಾಡದೆ ಪರದೆ ನೋಡುತ್ತಾ ಕೂತಿದ್ದರೆ ಅಜ್ಜಿಗೆ ನಾನು ಪಿಚ್ಚರ್ ನೋಡುತ್ತಿದ್ದ ಹಾಗೆ ಕಾಣುತ್ತಿತ್ತು. "ಕೆಲಸ ಹೋಯ್ತೇನೋ?" ಅಂತ ಮೆಲ್ಲಗೆ ಕೇಳಿದ್ದಳು ಒಮ್ಮೆ. ಕೊನೆಗೆ ಒಂದು ಉಪಾಯ ಮಾಡಿದೆ. ಬಾಗಿಲ ಚಿಲಕಕ್ಕೆ ಕೆಂಪು ಬೈರಾಸು (ಟವೆಲ್) ಕಟ್ಟಿದ್ದರೆ ಮೀಟಿಂಗ್, ಒಳಗೆ ಬರೋ ಹಾಗಿಲ್ಲ. ಬಿಚ್ಚಿದ್ದರೆ ಏನು ಬೇಕಾದರೂ ಕೇಳಬಹುದು. ದಿನವಿಡೀ ಕಟ್ಟಿಡಬಾರದು, ಯಾರೂ ನಂಬೋದಿಲ್ಲ. ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಅದೇ ಬೈರಾಸನ್ನು ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋಗುತ್ತೇನೆ. ಮನೆಯವರಿಗೂ ನನಗೂ ಆಫೀಸ್ ಮುಗೀತು ಅಂತ ಲೆಕ್ಕ.

ಬೆಂಗಳೂರಿನಿಂದ, ಎರಡು ವರ್ಷದ ಮಗುವಿನ ತಾಯಿ:

ಬೈರಾಸು ದೊಡ್ಡವರಿಗೆ ಸರಿ. ನನ್ನ ಮಗಳು ಅದನ್ನು ಎಳೆದು ಸೀರೆ ಉಟ್ಟುಕೊಳ್ಳುತ್ತಾಳೆ! ಮಗು ಇರೋ ಮನೆಯಲ್ಲಿ ಬಾಗಿಲಿಗಿಂತ ಗಡಿಯಾರ ಮುಖ್ಯ. ನಮ್ಮ ಕ್ಲೈಂಟ್ ನ್ಯೂಯಾರ್ಕ್‌ನವರು. ಅವರ ಬೆಳಿಗ್ಗೆ 9 ಗಂಟೆ ನಮಗೆ ಸಂಜೆ 6:30. ನವೆಂಬರ್ ಮೊದಲ ಭಾನುವಾರ ಅವರು ಚಳಿಗಾಲಕ್ಕೆಂದು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದರೆ ಅದೇ ಮೀಟಿಂಗ್ 7:30ಕ್ಕೆ ಬಂದು ಕೂರುತ್ತದೆ, ಸರಿಯಾಗಿ ಮಗುವಿನ ಊಟದ ಹೊತ್ತಿಗೆ. ಒಂದು ಚಳಿಗಾಲ ಪೂರ್ತಿ ಮೈಕ್ ಆಫ್ ಮಾಡಿ ಅನ್ನ ಕಲಸಿದೆ. ಮರುವರ್ಷ ಅಕ್ಟೋಬರ್‌ನಲ್ಲೇ ಕೇಳಿದೆ, ಅರ್ಧ ಗಂಟೆ ಮುಂದೆ ಹಾಕಿ ಅಂತ. ಒಪ್ಪಿದರು. ಸುಮ್ನೆ ಒಂದು ವರ್ಷ ನುಂಗಿಕೊಂಡಿದ್ದೆ, ಅಷ್ಟೇ.

ಸ್ನಾನ ಮಾಡಿ ಇಸ್ತ್ರಿ ಶರ್ಟ್ ಹಾಕಿಕೊಂಡು ಕೂತರೆ ಗಮನ ಬರುತ್ತದೆ ಅಂತಾರೆ ಕೆಲವರು. ಮಗು ಮಲಗಿದ ಆ ಒಂದು ಗಂಟೆ ಸಿಕ್ಕರೆ ನೈಟಿಯಲ್ಲೂ ಗಮನ ಬರುತ್ತದೆ ಮಾರಾಯ್ರೇ.

ಹುಬ್ಬಳ್ಳಿಯಿಂದ:

ಕುರ್ಚಿ! ಯಾರೂ ಹೇಳಲಿಲ್ಲ ಅಲ್ವಾ? ಎಂಟು ತಿಂಗಳು ಮಂಚದ ಮೇಲೆ ದಿಂಬು ಒರಗಿ ಕೂತು ಕೆಲಸ ಮಾಡಿ ಸೊಂಟ ಹಿಡಿಸಿಕೊಂಡೆ. ಉಳಿದ ದುಡ್ಡೆಲ್ಲ ಫಿಸಿಯೋಥೆರಪಿಗೆ ಹೋಯಿತು. ಲ್ಯಾಪ್‌ಟಾಪ್ ಅನ್ನು ಹಳೆಯ ಪುಸ್ತಕಗಳ ಮೇಲಿಟ್ಟು ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ತನ್ನಿ, ಬೇರೆ ಕೀಬೋರ್ಡ್ ಹಾಕಿಕೊಳ್ಳಿ. ಕಾಲು ನೆಲಕ್ಕೆ ಮುಟ್ಟಬೇಕು. ನಿಲುಕದಿದ್ದರೆ ಕೆಳಗೊಂದು ಮಣೆ.

ಪ್ರಶ್ನೆ ಕೇಳಿದವರಿಂದ, ವಾರದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ಯುಪಿಎಸ್ ತರಿಸಿದೆ. ಮಣೆ ಅಟ್ಟದ ಮೇಲೇ ಇತ್ತು. ನಮ್ಮ ಸಿಗ್ನಲ್ ದಣಪೆ (ಬೇಲಿಯ ಗೇಟು) ಹತ್ತಿರ ಸಿಕ್ಕಿತು. ಬೈರಾಸನ್ನೂ ಕಟ್ಟಿದ್ದೆ. ಎರಡನೇ ದಿನ ಆಯಿ ಅದನ್ನು ಬಿಚ್ಚಿ ಒಗೆಯೋಕೆ ಹಾಕಿದಳು.