ಸಮವಸ್ತ್ರ ಕಡ್ಡಾಯ ಎನ್ನುವಾಗ ಯಾವುದನ್ನೆಲ್ಲ ಕಡ್ಡಾಯ ಮಾಡಬಹುದು?

ಪ್ರಶ್ನೆ (ಮೈಸೂರಿನ ಪಾಲಕಿ)

ನನ್ನ ಮಗಳು ಓದುತ್ತಿರುವ ಖಾಸಗಿ ಶಾಲೆಯಲ್ಲಿ ಎರಡು ವರ್ಷದ ಹಿಂದಷ್ಟೇ ನಿಗದಿಯಾಗಿದ್ದ ನೀಲಿ ಸಮವಸ್ತ್ರವನ್ನು ಈ ವರ್ಷ ಬದಲಿಸಿದ್ದಾರೆ. ನಮಗೆ ಇದು ತಿಳಿದದ್ದು ಮೇ ತಿಂಗಳ ಕೊನೆಯ ವಾರದಲ್ಲಿ. ಹೊಸ ಬಟ್ಟೆಯನ್ನು ಅವರು ಹೇಳಿದ ಒಂದೇ ಅಂಗಡಿಯಲ್ಲಿ ಕೊಳ್ಳಬೇಕು. ಬುಧವಾರಕ್ಕೆ 'ಹೌಸ್' ಬಣ್ಣದ ಟೀ ಶರ್ಟು ಬೇರೆ, ಶನಿವಾರಕ್ಕೆ ಬಿಳಿ ಬಟ್ಟೆ ಮತ್ತು ಬಿಳಿ ಕ್ಯಾನ್ವಾಸ್ ಶೂ ಬೇರೆ. ಸಮವಸ್ತ್ರ ಬೇಕೆನ್ನುವವರು ಮೊದಲು ಹೇಳುವ ಮಾತು ಅದು ಬಡವ-ಬಲ್ಲಿದರ ಭೇದವನ್ನು ಮರೆಸುತ್ತದೆ ಎಂಬುದು. ಆದರೆ ವಾರಕ್ಕೆ ಮೂರು ಬಗೆಯ ಬಟ್ಟೆ ಹೊಂದಿಸಲಾಗದ ಮಗು ಬುಧವಾರ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಆ ಸಮವಸ್ತ್ರದಿಂದಲೇ ಅಲ್ಲವೇ? ನಾನು ಸಮವಸ್ತ್ರದ ವಿರೋಧಿಯಲ್ಲ. ಕಡ್ಡಾಯಗೊಳಿಸುವ ಅಧಿಕಾರ ಶಾಲೆಗೆ ಎಲ್ಲಿಯವರೆಗೆ ಇದೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ವಕೀಲ, ಧಾರವಾಡ)

ಮೇಡಂ, ಕರ್ನಾಟಕ ಶಿಕ್ಷಣ ಕಾಯ್ದೆ, 1983ರ ಅಡಿಯಲ್ಲಿ 1995ರಲ್ಲಿ ರೂಪಿಸಿದ ನಿಯಮಗಳಲ್ಲಿ 11ನೆಯದು ನಿಮ್ಮ ಪ್ರಶ್ನೆಗೆ ನೇರವಾಗಿ ಅನ್ವಯಿಸುತ್ತದೆ. ಮಾನ್ಯತೆ ಪಡೆದ ಶಾಲೆಯು ತನ್ನ ಸಮವಸ್ತ್ರವನ್ನು ತಾನೇ ಗೊತ್ತುಮಾಡಬಹುದು. ಆದರೆ ಒಮ್ಮೆ ಗೊತ್ತುಮಾಡಿದ್ದನ್ನು ಮುಂದಿನ 5 ವರ್ಷ ಬದಲಿಸುವಂತಿಲ್ಲ, ಬದಲಿಸಲು ಉದ್ದೇಶಿಸಿದಾಗ ಕನಿಷ್ಠ 1 ವರ್ಷ ಮೊದಲೇ ಪೋಷಕರಿಗೆ ನೋಟಿಸ್ ಕೊಡಬೇಕು. ಬಟ್ಟೆಯನ್ನು ಶಾಲೆಯಲ್ಲಿ ಅಥವಾ ಶಾಲೆ ಸೂಚಿಸಿದ ಅಂಗಡಿಯಲ್ಲಿ ಕೊಳ್ಳುವುದು, ಶಾಲೆ ಸೂಚಿಸಿದ ದರ್ಜಿಯಲ್ಲಿ ಹೊಲಿಸುವುದು ಪೋಷಕರ ಇಷ್ಟಕ್ಕೆ ಬಿಟ್ಟದ್ದು, ಅದರಲ್ಲಿ ಶಾಲೆಯವರು ಒತ್ತಾಯ ಮಾಡಬಾರದು, ತಲೆಯನ್ನೂ ಹಾಕಬಾರದು ಎಂದು ಅದೇ ನಿಯಮ ಹೇಳುತ್ತದೆ. ನೀವು ಹೇಳಿದ ಶಾಲೆ ಈ ಮೂರನ್ನೂ ಮೀರಿದಂತೆ ಕಾಣುತ್ತದೆ.

ಸೋಜಿಗವೆಂದರೆ, 2022ರಲ್ಲಿ ಸಮವಸ್ತ್ರದ ಬಗ್ಗೆ ರಾಜ್ಯವೆಲ್ಲ ಮಾತಾಡಿದರೂ ಈ ಸಾಲುಗಳು ಪೋಷಕರ ಕಿವಿಗೆ ಬೀಳಲಿಲ್ಲ. ಆ ವರ್ಷ ಫೆಬ್ರವರಿ 5ರ ಸರ್ಕಾರಿ ಆದೇಶವು ಸರ್ಕಾರಿ ಶಾಲೆಗಳಲ್ಲಿ ಸರ್ಕಾರ ನಿಗದಿಪಡಿಸಿದ, ಖಾಸಗಿ ಶಾಲೆಗಳಲ್ಲಿ ಆಡಳಿತ ಮಂಡಳಿ ನಿಗದಿಪಡಿಸಿದ ಸಮವಸ್ತ್ರವನ್ನು ಧರಿಸಬೇಕೆಂದು ಹೇಳಿತು. ಹಿಜಾಬ್ ಕುರಿತ ಅರ್ಜಿಗಳಲ್ಲಿ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಮಾರ್ಚ್ 15ರಂದು ಅದನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನಲ್ಲಿ ಅಕ್ಟೋಬರ್ 13ರಂದು ನ್ಯಾಯಮೂರ್ತಿ ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ತಳ್ಳಿಹಾಕಿದರೆ, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಹೆಣ್ಣುಮಕ್ಕಳ ಓದಿಗೆ ಒತ್ತು ಕೊಟ್ಟು ಹಿಜಾಬ್ ಧರಿಸುವುದನ್ನು ಆಯ್ಕೆಯ ವಿಷಯವೆಂದು ಕಂಡರು. ಆ ಕಾರಣದಿಂದ ವಿಷಯವನ್ನು ಸೂಕ್ತ ಪೀಠದ ರಚನೆಗಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲಾಯಿತು. ಆ ವಾದ ಇಲ್ಲಿ ಬೆಳೆಸುವುದು ಬೇಡ. ನಾನು ಹೇಳಬೇಕೆಂದಿರುವುದು ಇಷ್ಟೇ: ಮಗುವಿನ ಮೇಲೆ ನಿಯಮ ಹೇರುವ ಶಾಲೆಯ ಮೇಲೂ ನಿಯಮಗಳಿವೆ, ಎರಡನೆಯದನ್ನು ಕೇಳುವವರು ಕಡಿಮೆ.

ಉತ್ತರ 2 (ನಿವೃತ್ತ ಮುಖ್ಯೋಪಾಧ್ಯಾಯ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ)

ವಕೀಲರು ಕಾನೂನಿನ ಮಾತು ಹೇಳಿದ್ದಾರೆ, ನಾನು ತರಗತಿಯೊಳಗಿನದನ್ನು ಹೇಳುತ್ತೇನೆ. ಸಮವಸ್ತ್ರ ಇರಲೇಬೇಕು ಎನ್ನುವ ಪಕ್ಷ ನನ್ನದು. ಹಾಗೆನ್ನಿಸಿದ್ದು ಹುಟ್ಟುಹಬ್ಬಗಳನ್ನು ನೋಡಿ. ಹುಟ್ಟುಹಬ್ಬದ ದಿನ 'ಕಲರ್ ಡ್ರೆಸ್' ಹಾಕಿಕೊಂಡು ಬಂದು ಚಾಕಲೇಟು ಹಂಚಲು ನಮ್ಮಲ್ಲಿ ಅನುಮತಿ ಇತ್ತು. ಕೆಲವು ಮಕ್ಕಳಿಗೆ ವರ್ಷಗಟ್ಟಲೆ ಹುಟ್ಟುಹಬ್ಬವೇ ಬರುತ್ತಿರಲಿಲ್ಲ. ದಾಖಲಾತಿ ಪುಸ್ತಕದಲ್ಲಿ ತಾರೀಖು ನೋಡಿ ಒಬ್ಬ ಹುಡುಗನನ್ನು ಕೇಳಿದೆ. ಅವನು ಆ ತಾರೀಖೇ ತಪ್ಪು ಎಂದು ವಾದಿಸಿದ. ವರ್ಷಕ್ಕೆ ಒಂದು ದಿನವೇ ಹೀಗಾದರೆ ದಿನವೂ ಬಣ್ಣದ ಬಟ್ಟೆಯಾದರೆ ಗತಿಯೇನು ಎಂದು ನನಗೆ ಅನ್ನಿಸಿದ್ದು ಆಗ. ಮದುವೆ ಮನೆಗೂ ಸಮವಸ್ತ್ರದಲ್ಲೇ ಬಂದು ಊಟಕ್ಕೆ ಕೂರುವ ಮಕ್ಕಳನ್ನು ಹಳ್ಳಿಯಲ್ಲಿ ಕೆಲಸ ಮಾಡಿದ ಶಿಕ್ಷಕರೆಲ್ಲ ಕಂಡಿರುತ್ತಾರೆ. ಮನೆಯಲ್ಲಿರುವ ಒಳ್ಳೆಯ ಬಟ್ಟೆ ಅದೊಂದೇ.

ಆದರೆ ಕೊಡುವವರು ಸರಿಯಾಗಿ ಕೊಡಬೇಕು. ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆಯ 1ರಿಂದ 10ನೆಯ ತರಗತಿಯ ಮಕ್ಕಳಿಗೆ ಸಮವಸ್ತ್ರ ಉಚಿತ. ಅದರಲ್ಲಿ ಒಂದಷ್ಟು ಬಟ್ಟೆಯನ್ನು ನಮ್ಮದೇ ಕೈಮಗ್ಗ ಅಭಿವೃದ್ಧಿ ನಿಗಮದ ಮೂಲಕ ನೇಕಾರರು ನೇಯುತ್ತಾರೆ ಎಂಬುದು ಸಂತೋಷದ ವಿಷಯ. ಆದರೆ ನಮ್ಮ ಶಾಲೆಗೆ ಬರುತ್ತಿದ್ದದ್ದು ಬಟ್ಟೆ, ಅಂಗಿಯಲ್ಲ. ಹೊಲಿಗೆಯ ಕೂಲಿ ಮನೆಯವರದು. ಮೂರು ಮಕ್ಕಳಿರುವ ಕೂಲಿಕಾರರ ಮನೆಯಲ್ಲಿ ಆ ಬಟ್ಟೆ ಕೆಲವೊಮ್ಮೆ ದೀಪಾವಳಿಯವರೆಗೂ ಟ್ರಂಕಿನಲ್ಲೇ ಉಳಿಯುತ್ತಿತ್ತು. ಒಂದೇ ಜೊತೆಯಿದ್ದರೆ ಮಳೆಗಾಲದಲ್ಲಿ ಒಗೆದದ್ದು ಒಣಗುವುದಿಲ್ಲ. ಎರಡನೆಯ ಜೊತೆಗಾಗಿ ವಿದ್ಯಾರ್ಥಿಯೊಬ್ಬನ ಪರವಾಗಿ ಹೈಕೋರ್ಟಿನ ಮೆಟ್ಟಿಲೇರಬೇಕಾಯಿತು ಎಂದರೆ ಉಚಿತ ಎಂಬ ಮಾತಿನ ತೂಕ ಗೊತ್ತಾಗುತ್ತದೆ.

ಆದ್ದರಿಂದ ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೆವು. ಸಮವಸ್ತ್ರ ಇಲ್ಲದೆ ಬಂದ ಮಗುವನ್ನು ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸುವಂತಿಲ್ಲ, ಮನೆಗೆ ಕಳಿಸುವಂತಿಲ್ಲ, ಕಾರಣವನ್ನು ಉಳಿದವರ ಎದುರು ಕೇಳುವಂತಿಲ್ಲ. ಏಳನೆಯ ತರಗತಿ ಮುಗಿಸಿ ಹೋಗುವವರಿಂದ ಹಳೆಯ ಅಂಗಿಗಳನ್ನು ಪಡೆದು, ಒಗೆಸಿ, ಎಸ್‌ಡಿಎಂಸಿಯವರ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬೀರುವಿನಲ್ಲಿ ಇಡುತ್ತಿದ್ದೆವು. ಖಾಸಗಿ ಶಾಲೆಯವರು ಇದನ್ನು ಮಾಡಲು ಯಾವ ಅಡ್ಡಿಯೂ ಇಲ್ಲ. ಮೂರು ವರ್ಷಕ್ಕೊಮ್ಮೆ ಬಣ್ಣ ಬದಲಿಸಿದರೆ ಮಾತ್ರ ಬೀರುವಿನಲ್ಲಿರುವುದೆಲ್ಲ ವ್ಯರ್ಥ.

ಉತ್ತರ 3 (ಇಬ್ಬರು ಹೆಣ್ಣುಮಕ್ಕಳ ತಂದೆ, ಕಾಸರಗೋಡು)

ಮೇಷ್ಟ್ರ ಮಾತಿಗೆ ಗೌರವವಿದೆ. ಆದರೂ ಒಂದು ತಕರಾರು. ಎಲ್ಲರಿಗೂ ಒಂದೇ ಬಟ್ಟೆ ಎನ್ನುವಾಗ ಹುಡುಗರಿಗೆ ಓಡಲು ಬರುವ ಉಡುಪು, ಹುಡುಗಿಯರಿಗೆ ಕೂರುವಾಗ ಎಳೆದೆಳೆದು ಸರಿಮಾಡಿಕೊಳ್ಳುವ ಲಂಗ ಏಕೆ? ನಮ್ಮ ಕೇರಳದಲ್ಲಿ ಎರ್ನಾಕುಳಂ ಜಿಲ್ಲೆಯ ವಳಯನ್‌ಚಿರಂಗರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯು ಹುಡುಗ ಹುಡುಗಿಯರಿಬ್ಬರಿಗೂ ಮೊಣಕಾಲು ಮುಚ್ಚುವ ಚಡ್ಡಿ ಮತ್ತು ಅಂಗಿಯನ್ನೇ ಗೊತ್ತುಮಾಡಿತು. 2021ರ ಡಿಸೆಂಬರಿನಲ್ಲಿ ಕೋಯಿಕ್ಕೋಡಿನ ಬಾಲುಶ್ಶೇರಿಯ ಹೆಣ್ಣುಮಕ್ಕಳ ಹೈಯರ್ ಸೆಕೆಂಡರಿ ಶಾಲೆ ಪ್ಯಾಂಟು-ಶರ್ಟನ್ನು ತಂದಾಗ ಪ್ರತಿಭಟನೆಯೂ ನಡೆಯಿತು. ಪ್ಯಾಂಟನ್ನೂ ಹೇರಬಾರದು ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬಣ್ಣವೊಂದನ್ನು ನಿಗದಿಮಾಡಿ ಲಂಗ, ಚೂಡಿದಾರ, ಪ್ಯಾಂಟು ಇವುಗಳಲ್ಲಿ ಯಾವುದೆಂಬುದನ್ನು ಮನೆಯವರಿಗೆ ಬಿಡಬಹುದು. ಪೇಟೆಯಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುವ ಸಾದಾ ಬಣ್ಣವಾದರೆ ಒಂದೇ ಅಂಗಡಿಯ ಕಾಟವೂ ತಪ್ಪುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. 11ನೆಯ ನಿಯಮವನ್ನು ಉಲ್ಲೇಖಿಸಿ ನಾವು ಆರು ಮಂದಿ ಪೋಷಕರು ಶಾಲೆಗೆ ಪತ್ರ ಬರೆಯುತ್ತಿದ್ದೇವೆ. ಹೊಸ ಸಮವಸ್ತ್ರವನ್ನು ರದ್ದುಮಾಡಿ ಎಂದು ಕೇಳಿದರೆ, ಈಗಾಗಲೇ ಕೊಂಡವರು ನಮ್ಮ ಮೇಲೆ ಮುನಿಸಿಕೊಳ್ಳುತ್ತಾರೆ. ಹಾಗಾಗಿ ನೀಲಿಯನ್ನೂ ಅವಧಿ ಮುಗಿಯುವವರೆಗೆ ಒಪ್ಪಿಕೊಳ್ಳಬೇಕು ಎಂದಷ್ಟೇ ಕೇಳುತ್ತೇವೆ. ಮೇಷ್ಟ್ರು ಹೇಳಿದ ಬೀರುವಿನ ಸಂಗತಿಯನ್ನೂ ಕೊನೆಯಲ್ಲಿ ಸೇರಿಸಿದ್ದೇನೆ. ನನ್ನ ಮಗಳ ನೀಲಿ ಲಂಗದ ಮಡಿಕೆಯಲ್ಲಿ ಇನ್ನೂ ಎರಡು ಅಂಗುಲ ಬಟ್ಟೆ ಉಳಿದಿದೆ.