ಅಪ್‌ಡೇಟ್: ಯಾಕ್ಟೋ ರೆಸಿಪಿ ಕೊನೆಗೂ ಬಿಲ್ಡ್ ಆಯ್ತು

ಮೊನ್ನೆ ಕೇಳಿದ್ನಲ್ಲ, ಯಾಕ್ಟೋದಲ್ಲಿ (ಬೋರ್ಡುಗಳಿಗೆ ಲಿನಕ್ಸ್ ಇಮೇಜ್ ಕಟ್ಟೋ ಟೂಲ್) ನನ್ನ ಪುಟ್ಟ ಸಿ ಪ್ರೋಗ್ರಾಮಿಗೆ ರೆಸಿಪಿ (ಹೇಗೆ ಬಿಲ್ಡ್ ಮಾಡ್ಬೇಕು ಅಂತ ಹೇಳೋ ಫೈಲ್) ಬರೆದ್ರೆ ಕಂಪೈಲ್ ಆಗುತ್ತೆ, ಆದ್ರೆ ಆಮೇಲೆ ತಾನಾಗೇ ನಡೆಯೋ ಕ್ಯೂಎ (ಗುಣಮಟ್ಟದ) ಚೆಕ್‌ನಲ್ಲಿ ಆರ್ಕಿಟೆಕ್ಚರ್ (ಪ್ರೊಸೆಸರ್ ಜಾತಿ) ಮ್ಯಾಚ್ ಆಗ್ತಿಲ್ಲ ಅಂತ ಎರರ್ ಬರುತ್ತೆ ಅಂತ, ಅದು ಸರಿಹೋಯ್ತು. ತಪ್ಪು ರೆಸಿಪೀಲಿ ಇರ್ಲೇ ಇಲ್ಲ ಮಾರಾಯ್ರೆ, ಮೇಕ್‌ಫೈಲ್ (ಕಂಪೈಲ್ ಮಾಡೋ ಆಜ್ಞೆಗಳಿರೋ ಫೈಲ್) ಮೊದಲ್ನೇ ಸಾಲಲ್ಲೇ 'ಸಿಸಿ = ಜಿಸಿಸಿ', ಅಂದ್ರೆ ಕಂಪೈಲರ್ ಜಿಸಿಸಿನೇ ಅಂತ ಬರ್ದಿಟ್ಟಿದ್ದೆ, ಹಂಗಾಗಿ ಯಾಕ್ಟೋದ ಬಿಲ್ಡ್ ಟೂಲ್ ಬಿಟ್‌ಬೇಕ್ ಕೊಡೋ ಕ್ರಾಸ್ ಕಂಪೈಲರ್ (ಬೇರೆ ಜಾತಿ ಪ್ರೊಸೆಸರಿಗೆ ಬೈನರಿ ಮಾಡೋದು) ಬಿಟ್ಟು ಲ್ಯಾಪ್‌ಟಾಪಿನ ಜಿಸಿಸಿನೇ ಓಡಿ ಆರ್ಮ್ ಬೋರ್ಡಿಗೆ ಎಕ್ಸ್86 ಬೈನರಿ ಮಾಡಿಡ್ತಿತ್ತು. ಈಕ್ವಲ್‌ಗೆ ಮೊದ್ಲು ಒಂದು ಪ್ರಶ್ನೆ ಚಿಹ್ನೆ ಹಾಕಿದೆ (?=), ಹೊರಗಿಂದ ಕೊಟ್ಟ ಕಂಪೈಲರನ್ನೇ ತಗೊಳ್ತು, ಎರರ್ ಹೋಯ್ತು. ಆಮೇಲೆ ಜಿಎನ್‌ಯು ಹ್ಯಾಶ್ (ಬೈನರಿಯೊಳಗೆ ಸಿಂಬಲ್ ಹುಡುಕೋಕಿರೋ ಟೇಬಲ್) ಇಲ್ಲ ಅಂತ ಇನ್ನೊಂದು ರಗಳೆ, ಲಿಂಕ್ ಮಾಡೋ ಸಾಲಿಗೆ ಎಲ್‌ಡಿಫ್ಲ್ಯಾಗ್ಸ್ (ಲಿಂಕರ್‌ಗೆ ಕೊಡೋ ಆಯ್ಕೆಗಳು) ಸೇರಿಸಿದ್ಮೇಲೆ ಅದೂ ಮುಗೀತು. ಇಮೇಜ್‌ಗೆ ಹಾಕುವಾಗ ಪ್ಯಾಕೇಜ್ ಪಟ್ಟಿಗೆ ಹೆಸರು ಸೇರಿಸೋ ಅಪೆಂಡ್ ಸಾಲಲ್ಲಿ ಶುರುವಿನ ಕೋಟ್ ಆದ್ಮೇಲೆ ಸ್ಪೇಸ್ ಬಿಡೋದು ಮರೆತು, ಹಿಂದಿನ ಪ್ಯಾಕೇಜ್ ಹೆಸರಿಗೆ ನಂದು ಅಂಟ್ಕೊಂಡು ಅರ್ಧ ದಿನ ಹಾಳು. ಈಗ ಬೋರ್ಡಲ್ಲಿ ಓಡ್ತಿದೆ, ಥ್ಯಾಂಕ್ಸ್ ಎಲ್ರಿಗೂ.