ಅಪ್‌ಡೇಟ್: ಪೊರೆಯ ಪ್ರೋಟೀನು ಮತ್ತು ಮಸುಕಾದ ಚಿತ್ರಗಳು

ಡಿಟರ್ಜೆಂಟಿನಲ್ಲಿ ಕರಗಿಸಿದ, ಜೀವಕೋಶದ ಪೊರೆಯ ಪ್ರೋಟೀನು, ಮಾದರಿಯನ್ನು ಹೆಪ್ಪುಗಟ್ಟಿಸಿ ನೋಡುವ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹಿನ್ನೆಲೆಯಿಂದ ಬೇರ್ಪಟ್ಟು ಕಾಣುತ್ತಿಲ್ಲವೇಕೆ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಹಲವರು ಖಾಲಿ ಮಿಸೆಲ್‌ಗಳ (ಪ್ರೋಟೀನಿಲ್ಲದ, ಡಿಟರ್ಜೆಂಟ್ ಅಣುಗಳ ಗುಂಪುಗಳ) ಮೇಲೆ ಅನುಮಾನಪಟ್ಟಿದ್ದರು, ಅದು ನಿಜವಾಗಿತ್ತು: ಮಾದರಿಯನ್ನು ಸಾಂದ್ರಗೊಳಿಸುವಾಗ ಮಿಸೆಲ್‌ಗಳೂ ಪ್ರೋಟೀನಿನೊಡನೆ ಫಿಲ್ಟರಿನ ಮೇಲೆಯೇ ಉಳಿದು, ಹೆಪ್ಪುಗಟ್ಟಿಸಿದ ತೆಳುಪದರದಲ್ಲಿ ಕಿಕ್ಕಿರಿದು, ಚಿತ್ರವನ್ನು ಮಸುಕಾಗಿಸುತ್ತಿದ್ದವು. ಪ್ರೋಟೀನನ್ನು ಲಿಪಿಡ್ ನ್ಯಾನೋಡಿಸ್ಕ್‌ಗೆ (ಪೊರೆಯ ಕೊಬ್ಬಿನಂಥ ಅಣುಗಳಾದ ಲಿಪಿಡ್‌ಗಳ ಪುಟ್ಟ ತಟ್ಟೆಗೆ) ವರ್ಗಾಯಿಸಿ, ಕಣಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ಫಿಲ್ಟ್ರೇಶನ್ ಮೂಲಕ ಖಾಲಿ ಡಿಸ್ಕ್‌ಗಳನ್ನು ಬಹುಮಟ್ಟಿಗೆ ತೆಗೆದ ಮೇಲೆ, ಸರಾಸರಿ ಚಿತ್ರಗಳಲ್ಲಿ ಪೊರೆಯನ್ನು ಹಾಯುವ ಹೆಲಿಕ್ಸ್‌ಗಳು (ಪ್ರೋಟೀನಿನ ಸುರುಳಿ ಭಾಗಗಳು) ಬಿಡಿಬಿಡಿಯಾಗಿ ಕಾಣುತ್ತಿವೆ.

ನ್ಯಾನೋಡಿಸ್ಕ್ ಆರಿಸಲು ನನಗೆ ಧೈರ್ಯ ಕೊಟ್ಟದ್ದು, ಮೆಣಸಿನಕಾಯಿಯ ಖಾರಕ್ಕೆ ಸ್ಪಂದಿಸುವ ಟಿಆರ್‌ಪಿವಿ1 ಚಾನೆಲ್‌ನ (ಅಯಾನುಗಳನ್ನು ಹಾಯಲು ಬಿಡುವ ಪೊರೆಯ ಪ್ರೋಟೀನಿನ) ಉದಾಹರಣೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಿಫಾನ್ ಚೆಂಗ್ ಮತ್ತು ಡೇವಿಡ್ ಜೂಲಿಯಸ್ ಅವರ ತಂಡಗಳು 2013ರಲ್ಲಿ ಡಿಟರ್ಜೆಂಟಿನ ಬದಲು ಆಂಫಿಪೋಲ್ ಎಂಬ ಪಾಲಿಮರ್ ಬಳಸಿ, ಪ್ರೋಟೀನನ್ನು ಹರಳಾಗಿಸುವ ಹಂಗಿಲ್ಲದೆ, ಅದರ ರಚನೆಯನ್ನು 3.4 ಆಂಗ್‌ಸ್ಟ್ರಾಮ್‌ನಷ್ಟು (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ವಿವರವಾಗಿ ಕಂಡಿದ್ದವು. 2016ರಲ್ಲಿ ಅದೇ ಚಾನೆಲನ್ನು ನ್ಯಾನೋಡಿಸ್ಕ್‌ನಲ್ಲಿ ಇಟ್ಟು ನೋಡಿದಾಗ ಅದಕ್ಕೆ ಅಂಟಿದ ಲಿಪಿಡ್‌ಗಳೂ ಗೋಚರಿಸಿದವು.

ಉಳಿದಿರುವ ತೊಡಕು ಕಣಗಳ ದಿಕ್ಕಿನದು. ಗಾಳಿ ಮತ್ತು ನೀರು ಸೇರುವ ಮೇಲ್ಮೈಗೆ ಅಂಟಿಕೊಂಡು ಬಹುತೇಕ ಕಣಗಳು ಒಂದೇ ಭಂಗಿಯಲ್ಲಿ ನಿಲ್ಲುವುದರಿಂದ, ಮೂರು ಆಯಾಮದ ನಕ್ಷೆ ಒಂದು ದಿಕ್ಕಿನಲ್ಲಿ ಎಳೆದಂತೆ ಕಾಣುತ್ತದೆ. ಕಣಗಳನ್ನು ಆ ಮೇಲ್ಮೈಯಿಂದ ದೂರವಿಡಲು ಹೆಪ್ಪುಗಟ್ಟಿಸುವ ಮುನ್ನ ಫ್ಲೋರಿನ್‌ಯುಕ್ತ ಡಿಟರ್ಜೆಂಟನ್ನು ಅಲ್ಪ ಪ್ರಮಾಣದಲ್ಲಿ ಸೇರಿಸುವ ಸಲಹೆಯನ್ನು ಮುಂದಿನ ಗ್ರಿಡ್‌ಗಳಲ್ಲಿ (ಮಾದರಿಯನ್ನು ಹಾಕುವ ಪುಟ್ಟ ಜಾಲರಿಗಳಲ್ಲಿ) ಪರೀಕ್ಷಿಸಲಿದ್ದೇನೆ.